ಎ ಸೆಕ್ಷನ್ ಟೀಚರ್, ಬಿ ಸೆಕ್ಷನ್ ಸರ್

ಪಕ್ಕದ ಕೋಣೆಯಿಂದ ನಗು ಕೇಳಿದಾಗಲೆಲ್ಲ ಪ್ರಣೀತಾಳ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು.

ಅದು ಎರಡು ಸಾವಿರದ ಎರಡನೇ ಇಸವಿ. ಕಾಪುವಿನ ಆ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಎರಡು ಸೆಕ್ಷನ್ ಇತ್ತು. ಎ ಸೆಕ್ಷನ್ನಿಗೆ ಗಣಿತ ಕಲಿಸುವವಳು ಪ್ರಣೀತಾ, ಉಡುಪಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಬಿ ಸೆಕ್ಷನ್ನಿಗೆ ಆ ಜೂನ್ ತಿಂಗಳಲ್ಲಿ ಕಾರ್ಕಳದಿಂದ ಹೊಸದಾಗಿ ಬಂದ ಜಿತೇಶ್. ಎರಡು ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಏರಿರಲಿಲ್ಲ. ಹೆಂಚಿನ ಕೆಳಗೆ ಉಳಿದ ಆ ತೆರವಿನಲ್ಲಿ ಅತ್ತಲ ಮಾತು ಇತ್ತ ಸರಾಗವಾಗಿ ದಾಟಿ ಬರುತ್ತಿತ್ತು.

ಇತ್ತಲಿಂದ ಅತ್ತ ಹೋಗುವಂಥದ್ದು ಮಾತ್ರ ಏನೂ ಇರಲಿಲ್ಲ. ಪ್ರಣೀತಾಳ ಚಪ್ಪಲಿಯ ಸದ್ದು ಜಗಲಿಯಲ್ಲಿ ಕೇಳಿದರೆ ಸಾಕು, ಎ ಸೆಕ್ಷನ್ನಿನ ಮಕ್ಕಳು ಉಸಿರು ಬಿಗಿಹಿಡಿದು ಎದ್ದು ನಿಲ್ಲುತ್ತಿದ್ದರು. ಅವಳ ತರಗತಿಯಲ್ಲಿ ಫೇಲಾಗುವವರು ಕಡಿಮೆ. ಅದು ಅವಳಿಗೆ ಸಾಕಾಗಿತ್ತು. ಜಿತೇಶ್ ಬರುವವರೆಗೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಅವನೇ ಸ್ಟಾಫ್‌ರೂಮಿನಲ್ಲಿ ಅವಳ ಮೇಜಿನ ಹತ್ತಿರ ಬಂದು ನಿಂತ.

"ನಮ್ಮ ಗಲಾಟೆಯಿಂದ ನಿಮಗೆ ತೊಂದರೆ ಆಗ್ತದಾ ಟೀಚರ್?"

"ತೊಂದರೆ ಇಲ್ಲ. ಗಣಿತದಲ್ಲಿ ಅಷ್ಟು ನಗುವಂಥದ್ದು ಎಂತ ಉಂಟು ಅಂತ ಆಲೋಚನೆ ಮಾಡ್ತಿದ್ದೆ."

"ಒಂದು ದಿನ ಬಂದು ಕೂತು ನೋಡಿ. ಹಿಂದಿನ ಬೆಂಚಿನಲ್ಲಿ ಜಾಗ ಉಂಟು."

ಹೇಳುವಾಗ ಅವನ ಎಡಹುಬ್ಬು ಸ್ವಲ್ಪ ಮೇಲೇರಿತು. ತುಟಿ ನಗಲಿಲ್ಲ, ಕಣ್ಣು ನಕ್ಕಿತು. ಪ್ರಣೀತಾ ತಟ್ಟನೆ ಮುಖ ತಗ್ಗಿಸಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚತೊಡಗಿದಳು. ಬಿಚ್ಚಿದ ಮೇಲೆ ಗೊತ್ತಾಯಿತು, ಅದು ಆಗಲೇ ತಿದ್ದಿ ಮುಗಿಸಿದ ಕಟ್ಟು.

ಅವನು ಹೋಗಿ ಕೂತದ್ದು ಇಂಗ್ಲಿಷ್ ಕಲಿಸುವ ಆಂಜೆಲಾಳ ಎದುರಿಗೆ. ಆಂಜೆಲಾ ಮನೆಯಿಂದ ತಂದ, ಇಡ್ಲಿಯಂತೆ ಮೆತ್ತಗಿನ ಸಾನ್ನವನ್ನು ಅವನ ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಅವನು ಏನೋ ಅಂದ. ಆಂಜೆಲಾ ಕುರ್ಚಿಗೆ ಒರಗಿ ನಕ್ಕಳು. ಪ್ರಣೀತಾಳಿಗೆ ಆ ದಿನ ತನ್ನ ಊಟ ರುಚಿಸಲಿಲ್ಲ. ಉಪ್ಪು ಕಡಿಮೆಯಾಗಿದೆ ಅಂದುಕೊಂಡಳು. ಉಪ್ಪು ಸರಿಯಾಗಿಯೇ ಇತ್ತು.

ಅಕ್ಟೋಬರದಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂತು. ಬಿ ಸೆಕ್ಷನ್ನಿನಲ್ಲಿ ಅರ್ಧಕ್ಕರ್ಧ ಮಕ್ಕಳು ಗಣಿತದಲ್ಲಿ ಫೇಲ್. ಪ್ರಣೀತಾ ಒಳಗೊಳಗೇ ಸಂತೋಷಪಟ್ಟಳು. ಆ ಸಂತೋಷ ಎರಡು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ.

ಮೂರನೇ ದಿನ ಎ ಸೆಕ್ಷನ್ನಿನ ಮಹಾಲಕ್ಷ್ಮಿಯ ತಾಯಿ ಅಂಬವ್ವ ಶಾಲೆಗೆ ಬಂದಳು. ಬಾಗಲಕೋಟೆ ಕಡೆಯವರು, ಗಂಡ ಹೆಂಡತಿ ಇಬ್ಬರೂ ಮಣಿಪಾಲದ ಕಟ್ಟಡಗಳಲ್ಲಿ ಕೆಲಸ ಮಾಡುವವರು. ಹೆಡ್‌ಮಾಸ್ಟರ್ ಆಲ್ಫೋನ್ಸ್ ಸರ್ ಎದುರು ಅವಳು ಸೆರಗು ಹಿಡಿದು ನಿಂತಿದ್ದಳು.

"ಮಗಳು ಸಾಲೀಗೆ ಹೋಗಂಗಿಲ್ಲ ಅಂತಾಳ್ರಿ ಸರ. ಲೆಕ್ಕದ ಟೀಚರು ಹೊರಗ ನಿಲ್ಲಸ್ತಾರಂತ. ನನ್ನ ಜೋಡಿ ಕೆಲಸಕ್ಕ ಬರ್ತೀನಿ ಅಂತ ಕುಂತಾಳ."

ಪ್ರಣೀತಾ ಬಾಗಿಲಲ್ಲೇ ಇದ್ದಳು. ಕಿವಿ ಬಿಸಿಯಾಯಿತು.

ಆಲ್ಫೋನ್ಸ್ ಸರ್ ಆ ಸಂಜೆ ಪ್ರಣೀತಾ, ಜಿತೇಶ್ ಇಬ್ಬರನ್ನೂ ಕರೆಸಿದರು. "ಒಂದು ಕ್ಲಾಸಿನಲ್ಲಿ ಮಕ್ಕಳು ಕಲಿಯುವುದಿಲ್ಲ, ಇನ್ನೊಂದರಲ್ಲಿ ಮಕ್ಕಳು ಮಾತನಾಡುವುದಿಲ್ಲ. ನನಗೆ ಎರಡೂ ಬೇಕು. ಸೋಮವಾರದಿಂದ ಪ್ರಣೀತಾ ಟೀಚರ್ ಬಿ ಸೆಕ್ಷನ್ನಿಗೆ ಹೋಗಲಿ, ಜಿತೇಶ್ ಎ ಸೆಕ್ಷನ್ನಿಗೆ. ಜನವರಿಯವರೆಗೆ ನೋಡುವ."

ಸೋಮವಾರ ಪ್ರಣೀತಾ ಗೋಡೆಯ ಆಚೆ ಬದಿಗೆ ಹೋಗಿ ನಿಂತಳು. ಬಿ ಸೆಕ್ಷನ್ನಿನ ಹುಡುಗರು ಬೆಂಚಿನ ಮೇಲೆ ಅರ್ಧ ಕೂತು ಅರ್ಧ ನಿಂತಿದ್ದರು. ಮಲ್ಪೆಯ ಬಂದರಿನ ಕಡೆಯಿಂದ ಬಂದು ಕಾಪುವಿನ ಅಜ್ಜಿಮನೆಯಲ್ಲಿದ್ದ ಕಿಟ್ಟ ಎಂಬವನು ಮೊದಲ ದಿನವೇ ಕೇಳಿದ, "ಟೀಚರ್, ಸರ್ ಇನ್ನು ಬರುವುದೇ ಇಲ್ವಾ?" ಆ ಪ್ರಶ್ನೆಯಲ್ಲಿದ್ದ ಸಂಕಟ ನೋಡಿ ಅವಳ ಎದೆಯಲ್ಲಿ ಮುಳ್ಳಾಡಿಸಿದಂತಾಯಿತು. ತಾನು ಬಿಟ್ಟು ಬಂದ ತರಗತಿಯಲ್ಲಿ ಯಾರಾದರೂ ಹೀಗೆ ಕೇಳಿರಬಹುದೇ?

ಉತ್ತರ ಗೋಡೆಯ ಮೇಲಿಂದ ಬಂತು. ಆ ವಾರವೇ, ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ, ಅತ್ತಲಿಂದ ಒಂದು ಹುಡುಗಿಯ ದನಿ ಕೇಳಿಸಿತು.

"ಸರ, ಎಕ್ಸ್ ಅಂದ್ರ ಗೊತ್ತಿಲ್ಲದ್ದು ಅಂತೀರಿ. ಗೊತ್ತಿಲ್ಲದ್ದನ್ನ ಹೆಂಗ ಕೂಡಸೂದ್ರಿ?"

ತರಗತಿ ನಕ್ಕಿತು. ಜಿತೇಶ್ ನಗಲಿಲ್ಲ. "ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಇಷ್ಟು ದಿನ ಎಲ್ಲಿ ಅಡಗಿಸಿ ಇಟ್ಟಿದ್ದಿ ಮಹಾಲಕ್ಷ್ಮಿ?"

ಪ್ರಣೀತಾ ಬೋರ್ಡಿಗೆ ಮುಖ ಮಾಡಿಯೇ ನಿಂತಳು. ಆ ವರ್ಷವಿಡೀ ಅವಳು ಮಹಾಲಕ್ಷ್ಮಿಯ ದನಿ ಕೇಳಿರಲಿಲ್ಲ. 'ಹೌದು ಟೀಚರ್', 'ಇಲ್ಲ ಟೀಚರ್' ಬಿಟ್ಟರೆ ಆ ಹುಡುಗಿಗೆ ಬೇರೆ ಮಾತಿದೆ ಎಂದೇ ತಿಳಿದಿರಲಿಲ್ಲ. ಅಷ್ಟು ಸುಲಭವಾಗಿ ಆ ಮಾತನ್ನು ಹೊರಗೆಳೆದವನ ಮೇಲೆ ಅವಳಿಗೆ ಉರಿ ಎದ್ದಿತು. ಆಂಜೆಲಾಳನ್ನು ನಗಿಸುವ, ಮಕ್ಕಳನ್ನು ನಗಿಸುವ, ಜವಾನನನ್ನೂ ನಗಿಸುವ ಆ ಮನುಷ್ಯ ತನ್ನ ಮೇಜಿನ ಹತ್ತಿರ ಬಂದಾಗ ಮಾತ್ರ ಎರಡೇ ಮಾತಿಗೆ ಹಿಂದೆ ಸರಿಯುತ್ತಾನೆ ಎಂಬುದೂ ಆ ಉರಿಯಲ್ಲಿ ಸೇರಿತ್ತು.

ಅವಳು ತನಗೆ ಗೊತ್ತಿದ್ದುದನ್ನು ಮಾಡಿದಳು. ಬಿ ಸೆಕ್ಷನ್ನಿನ ಪ್ರತಿಯೊಬ್ಬನ ಹೋಂವರ್ಕ್ ದಿನವೂ ತಿದ್ದಿದಳು. ಕಿಟ್ಟನ ಪುಟವೆಲ್ಲ ಕೆಂಪಾಯಿತು.

"ಇದು ತಪ್ಪಾ ಟೀಚರ್? ಸರ್ ಇದಕ್ಕೆ ಪರವಾಗಿಲ್ಲ ಅಂದಿದ್ದರು."

"ಪರವಾಗಿಲ್ಲ ಅಂದರೆ ಸರಿ ಅಂತ ಅಲ್ಲ. ಇಲ್ಲಿ ಚಿಹ್ನೆ ಬದಲಾಗಬೇಕು. ಇನ್ನೊಮ್ಮೆ ಮಾಡು."

ಕಿಟ್ಟ ಮುಖ ಸಿಂಡರಿಸಿದ. ಆದರೆ ಮಾಡಿದ. ಡಿಸೆಂಬರದ ಒಂದು ಬೆಳಿಗ್ಗೆ ಅವನು ಪುಸ್ತಕ ಎತ್ತಿ ಹಿಡಿದುಕೊಂಡು ಸ್ಟಾಫ್‌ರೂಮಿಗೆ ಓಡಿ ಬಂದ. ಬಾಗಿಲ ಬಳಿ ಜಿತೇಶ್ ಇದ್ದ. ಅವನು ಅಭ್ಯಾಸದಂತೆ ಕೈ ಚಾಚಿದ. ಕಿಟ್ಟ ಅವನ ಪಕ್ಕದಿಂದ ನುಸುಳಿ ನೇರವಾಗಿ ಪ್ರಣೀತಾಳ ಮೇಜಿಗೆ ಬಂದ.

"ಟೀಚರ್, ಎಲ್ಲ ಸರಿ ಉಂಟಾ ನೋಡಿ. ಯಾರ ಹತ್ತಿರವೂ ಕೇಳಲಿಲ್ಲ, ನಾನೇ ಮಾಡಿದ್ದು."

ಎಲ್ಲವೂ ಸರಿಯಾಗಿತ್ತು. ಪ್ರಣೀತಾ ತಲೆಯೆತ್ತಿದಾಗ ಜಿತೇಶನ ಚಾಚಿದ ಕೈ ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಅವನ ಮುಖದಲ್ಲಿ ಮೊದಲ ಬಾರಿಗೆ ನಗುವಿರಲಿಲ್ಲ. ಅದನ್ನು ಕಂಡು ಅವಳಿಗೆ ಹಿತವೆನಿಸಿತು. ಆಮೇಲೆ ಹಿತವೆನಿಸಿದ್ದಕ್ಕೆ ನಾಚಿಕೆಯಾಯಿತು.

ಆದರೂ ಹಟ ಬಿಡಲಿಲ್ಲ. ಅವನಿಗೆ ಬರುವುದು ತನಗೇಕೆ ಬರಬಾರದು? ಬಸ್ಸಿನಲ್ಲಿ ಬರುವಾಗ ಅವಳು ಒಂದು ತಮಾಷೆ ತಯಾರು ಮಾಡಿಕೊಂಡಳು. ತ್ರಿಜ್ಯಕ್ಕೂ ವ್ಯಾಸಕ್ಕೂ ಜಗಳ ಬಂದ ಕಥೆ. ತರಗತಿಯಲ್ಲಿ ಅದನ್ನು ಪೂರ್ತಿ, ಒಂದು ಪದ ಬಿಡದೆ ಹೇಳಿದಳು. ಮಕ್ಕಳು ನೆಟ್ಟಗೆ ಕೂತು ಕೇಳಿದರು. ಮುಗಿದ ಮೇಲೂ ಹಾಗೆಯೇ ಕೂತಿದ್ದರು.

ಕಿಟ್ಟ ಕೈಯೆತ್ತಿದ. "ಟೀಚರ್, ಇದು ಪರೀಕ್ಷೆಗೆ ಬರ್ತದಾ?"

ಆಗ ಗೋಡೆಯ ಮೇಲಿಂದ ಒಂದು ನಗು ಬಂತು. ಮಕ್ಕಳದ್ದಲ್ಲ. ತಡೆದು ತಡೆದು ಸೋತು ಹೊರಬಿದ್ದ ಗಂಡಸಿನ ನಗು.

ಸಂಜೆ ಅವಳು ಯಾರಿಗೂ ಕಾಯದೆ ಹೊರಟಳು. ಜಿತೇಶ್ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಓಡಿ ಬಂದು ಜೊತೆಯಾದ.

"ಟೀಚರ್, ನಾನು ನಗಬಾರದಿತ್ತು. ತಪ್ಪಾಯ್ತು."

"ನಗಿ. ನಾಳೆ ಆಂಜೆಲಾ ಟೀಚರಿಗೂ ಹೇಳಿ ನಗಿ."

"ಆಂಜೆಲಾ ಟೀಚರಿಗೂ ಇದಕ್ಕೂ ಎಂತ ಸಂಬಂಧ?"

ಪ್ರಣೀತಾ ಕೈಚೀಲವನ್ನು ಭುಜಕ್ಕೇರಿಸಿಕೊಂಡಳು. ಕತ್ತಿನಿಂದ ಕೆನ್ನೆಯವರೆಗೆ ಬಿಸಿ ಏರಿತು. ಅವನು ನಡಿಗೆ ನಿಧಾನ ಮಾಡಿ ಅವಳ ಮುಖವನ್ನೇ ನೋಡಿದ. ಅವನ ಎಡಹುಬ್ಬು ಈ ಸಲ ಏರಲಿಲ್ಲ.

"ನಿಮಗೆ ಹೊಟ್ಟೆಕಿಚ್ಚಾ?" ಮೆಲ್ಲಗೆ ಕೇಳಿದ.

ಅವಳು ನಿಂತಳು. "ಹೌದು. ಮಹಾಲಕ್ಷ್ಮಿ ನಿಮ್ಮ ಹತ್ತಿರ ಬಾಯಿ ಬಿಟ್ಟಳಲ್ಲ, ಅದಕ್ಕೆ. ನನ್ನ ಮಕ್ಕಳು ನನಗೆ ಕೇಳುವ ಹಾಗೆ ನಿಮ್ಮ ಹತ್ತಿರ ನಗ್ತಾರಲ್ಲ, ಅದಕ್ಕೆ." ಬಸ್ಸಿನ ದಾರಿ ನೋಡುತ್ತ ಸೇರಿಸಿದಳು. "ಮತ್ತೆ ಆ ಸಾನ್ನಕ್ಕೆ."

"ಸಾನ್ನ ಅವರು ಎಲ್ಲರಿಗೂ ಕೊಡ್ತಾರೆ ಮಾರಾಯ್ರೆ. ನಿಮಗೂ ಕೊಟ್ಟರು. ನೀವು ತಲೆ ಎತ್ತದೆ ಬೇಡ ಅಂದಿರಿ. ನಾನು ನೋಡ್ತಾ ಇದ್ದೆ."

"ನೀವು ಯಾಕೆ ನೋಡ್ತಾ ಇದ್ದದ್ದು?"

 ಉಡುಪಿಯ ಬಸ್ಸು ಬಂತು, ಕಂಡಕ್ಟರ್ ಇಬ್ಬರನ್ನೂ ನೋಡಿ ಸೀಟಿ ಊದಿದ, ಬಸ್ಸು ಹೋಯಿತು. ಅವಳು ಹತ್ತಲಿಲ್ಲ.

"ಕಿಟ್ಟ ನನ್ನನ್ನು ದಾಟಿ ನಿಮ್ಮ ಹತ್ತಿರ ಬಂದನಲ್ಲ," ಜಿತೇಶ್ ಅಂದ, "ಅವತ್ತು ನನಗೆ ಊಟ ಸೇರಲಿಲ್ಲ. ಮಕ್ಕಳು ನನ್ನನ್ನು ಇಷ್ಟಪಡದೆ ಹೋದರೆ ಅಂತ ನನಗೆ ಹೆದರಿಕೆ ಟೀಚರ್. ಅದಕ್ಕೇ ತಪ್ಪನ್ನು ತಪ್ಪು ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ನೀವು ಹೇಳ್ತೀರಿ. ಅವನು ಮುಖ ಸಿಂಡರಿಸಿದರೂ ಬಿಡುವುದಿಲ್ಲ. ಮಹಾಲಕ್ಷ್ಮಿ ಪ್ರಶ್ನೆ ಕೇಳ್ತಾಳೆ, ಹೌದು. ಆದರೆ ಲೆಕ್ಕ ಈಗಲೂ ತಪ್ಪೇ ಮಾಡ್ತಾಳೆ. ತಿದ್ದುವವರು ಬೇಕು."

"ನನ್ನನ್ನು ಕಂಡರೆ ಅವಳಿಗೆ ಆಗುವುದಿಲ್ಲ."

"ಕಂಡರೆ ಹೆದರಿಕೆ. ಅದು ಬೇರೆ."

ಮರುದಿನ ಇಬ್ಬರೂ ಒಟ್ಟಿಗೆ ಆಲ್ಫೋನ್ಸ್ ಸರ್ ಕೋಣೆಗೆ ಹೋದರು. ಶಾಲೆ ಬಿಟ್ಟ ಮೇಲೆ ಎರಡೂ ಸೆಕ್ಷನ್ನಿನ ಹಿಂದುಳಿದ ಮಕ್ಕಳನ್ನು ಹಾಲ್‌ನಲ್ಲಿ ಕೂರಿಸಿ ಜೊತೆಯಾಗಿ ಕಲಿಸಬಹುದೇ ಎಂದು ಕೇಳಿದರು. ಮೊದಲ ಸಂಜೆ ಪ್ರಣೀತಾ ಒಳಗೆ ಬಂದದ್ದೇ ಮಹಾಲಕ್ಷ್ಮಿ ಕಂಬದ ಮರೆಗೆ ಸರಿದಳು. ಪ್ರಣೀತಾ ಹೋಗಿ ಅವಳ ಪಕ್ಕದಲ್ಲಿ, ನೆಲದ ಮೇಲೆಯೇ ಕೂತಳು.

"ನಿನ್ನನ್ನು ಹೊರಗೆ ನಿಲ್ಲಿಸಿದ್ದು ತಪ್ಪು. ಗೊತ್ತಿಲ್ಲದ್ದನ್ನು ಹೇಗೆ ಕೂಡಿಸುವುದು ಅಂತ ಕೇಳಿದಿ ಅಲ್ವಾ? ಬಾ, ತೋರಿಸ್ತೇನೆ. ಅರ್ಥ ಆಗದಿದ್ದರೆ ಪುನಃ ಕೇಳು. ಆದರೆ ನಾಳೆ ಮಾಡಿಕೊಂಡು ಬರಬೇಕು."

ಹುಡುಗಿ ಕಂಬದ ಮರೆಯಿಂದ ಒಂದಿಷ್ಟು ಈಚೆ ಸರಿದಳು. ಆಮೇಲೆ ಕೇಳಿದಳು, "ತಪ್ಪಾದ್ರ, ಟೀಚರ್?"

"ತಪ್ಪಾದರೆ ಇನ್ನೊಮ್ಮೆ. ಇಲ್ಲೇ, ಒಳಗೆ ಕೂತು."

ಹಾಲ್‌ನ ಆಚೆ ತುದಿಯಲ್ಲಿ ಜಿತೇಶ್ ಒಬ್ಬ ಹುಡುಗನ ಉತ್ತರಕ್ಕೆ ಕೆಂಪು ಗೀಟು ಎಳೆದು, ತಾನೇ ಬೆವರುತ್ತಿದ್ದ.

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕಿಟ್ಟ ಪಾಸಾದ. ಮಹಾಲಕ್ಷ್ಮಿಯೂ ಪಾಸಾದಳು, ಅಂಚಿನಲ್ಲಿ. ಪ್ರಣೀತಾ ಭರವಸೆ ಇಟ್ಟಿದ್ದ ಇಬ್ಬರು ಫೇಲಾದರು. ಜಿತೇಶ್ ಅವರನ್ನು ಮರದಡಿ ಕೂರಿಸಿ ಮರುಪರೀಕ್ಷೆಯ ಮಾತನಾಡಿದ. ಯಾರ ಪಾಠದಿಂದ ಯಾರು ಪಾಸಾದರು ಎಂದು ಹೇಳುವುದು ಆಲ್ಫೋನ್ಸ್ ಸರ್‌ಗೂ ಆಗಲಿಲ್ಲ.

ಅಂಗಳದಲ್ಲಿ ಮಕ್ಕಳು ಜಿತೇಶನನ್ನು ಮುತ್ತಿಕೊಂಡರು. ದೂರದಲ್ಲಿ ನಿಂತಿದ್ದ ಪ್ರಣೀತಾಳ ಎದೆ ಮತ್ತೆ ಸಣ್ಣಗೆ ಚುರ್ ಎಂದಿತು. ಅಷ್ಟರಲ್ಲಿ ಅಂಬವ್ವ ಮಗಳ ಕೈ ಹಿಡಿದುಕೊಂಡು, ಆ ಗುಂಪನ್ನು ಬಳಸಿ, ಅವಳ ಹತ್ತಿರವೇ ಬಂದಳು.

"ಕಾಲೇಜಿಗೆ ಹಚ್ಚಬೇಕಂತ ಮಾಡೀವ್ರಿ ಟೀಚರ. ಯಾವುದಕ್ಕ ಹಚ್ಚೂದು, ನೀವ ಹೇಳ್ರಿ. ನಿಮ್ಮನ್ನ ಕೇಳು ಅಂತ ಇಕಿ ಗಂಟು ಬಿದ್ದಾಳ."

ಎಲ್ಲರೂ ಹೋದ ಮೇಲೆ ಪ್ರಣೀತಾ, ಜಿತೇಶ್ ಇಬ್ಬರೂ ಕಡಲ ತೀರದ ದೀಪಸ್ತಂಭದ ಕಡೆಗೆ ನಡೆದರು. ಸಮುದ್ರದ ಗಾಳಿಗೆ ಅವಳ ಸೆರಗು ಹಾರಿ ಅವನ ಕೈಗೆ ತಾಗಿತು. ಅವಳು ಎಳೆದುಕೊಳ್ಳಲಿಲ್ಲ.

"ಈಗ ಉರಿಯುವುದು ನನಗೆ," ಅವನು ಹೇಳಿದ. "ಆ ಹುಡುಗಿ ನನ್ನನ್ನು ಕೇಳಬಹುದಿತ್ತು."

"ನಿಮ್ಮನ್ನು ಕೇಳಿದರೆ ಎಲ್ಲ ಕಾಲೇಜೂ ಒಳ್ಳೆಯದು ಅಂತೀರಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಮರಳಿನಲ್ಲಿ ನಿಂತು, ಪಾಠ ಒಪ್ಪಿಸುವವನಂತೆ ಕೈಕಟ್ಟಿದ.

"ಪ್ರಣೀತಾ, ನೀವು ಇಷ್ಟ ನನಗೆ. ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರ್ಲಾ?"

ಅವಳು ಅಲೆಯನ್ನೇ ನೋಡುತ್ತಿದ್ದಳು.

"ಭಾನುವಾರ ಬನ್ನಿ. ಬೆಳಿಗ್ಗೆಯೇ ಬನ್ನಿ. ಅಪ್ಪ ಕಾಯ್ತಾ ಇರ್ತಾರೆ."

"ಕಾಯ್ತಾ ಇರ್ತಾರಾ? ನಾನು ಕೇಳಿದ್ದು ಈಗ ಅಲ್ವಾ?"

"ಹೌದು," ಪ್ರಣೀತಾ ಹೇಳಿದಳು. "ನಾನು ಅಪ್ಪನಿಗೆ ಹೇಳಿದ್ದು ನಿನ್ನೆ."