ಮಾತಿನ ದೊಣೆ

ಕೊರಟಗೆರೆಯಿಂದ ಮಧುಗಿರಿಗೆ ಹೊರಟ ಬಸ್ಸಿನಲ್ಲಿ, ಮುಂದಿನ ಸೀಟಿನ ಹುಡುಗಿಯ ಮೊಬೈಲಿನಿಂದ, ಹಿಂದೆ ಕೂತಿದ್ದ ಲೋಹಿತಾಗೆ ತನ್ನದೇ ದನಿ ಕೇಳಿಬಂತು.

"ನಿನ್ನ ಮುಂದೆ ನಂಗೆ ಮಾತೇ ಬರಲ್ಲ ಕಣೋ. ಬಂದಾಗ ಅಳು ಬರುತ್ತೆ..."

"ಎಷ್ಟ್ ಚೆನ್ನಾಗ್ ಹೇಳ್ತಾವ್ಳೆ ನೋಡೇ! ಯಾವ್ ಸಿನಿಮಾದು?" ಪಕ್ಕದವಳು ಕೇಳಿದಳು.

"ಸಿನಿಮಾ ಅಲ್ಲ ಕಣೇ. ನಮ್ ಕಡೇದೇ ಗವಿಯಂತೆ. ಒಳಗೆ ಕೊಳ ಐತಂತೆ."

ಲೋಹಿತಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ಅವಳ ಊರಿನ ಗುಡ್ಡದ ಗವಿಯಲ್ಲಿ ಬಂಡೆ ತಬ್ಬಿಕೊಂಡು ಇಳಿದರೆ, ಬಿಸಿಲು ಕಾಣದ ಒಂದು ದೊಣೆ. ಕಲ್ಲಿನ ಹೊಟ್ಟೆಯೊಳಗೆ ತುಂಬಿ ನಿಂತ ತಣ್ಣನೆಯ ನೀರು. ಮದುವೆ ಮಾತಿಗೆ ಮುಂಚೆ ಅವರ ಮನೆಯ ಹುಡುಗಿಯರು ತಾವು ಮೆಚ್ಚಿದವನನ್ನು ಅಲ್ಲಿಗೆ ಕರೆದೊಯ್ದು, ದೀಪವಿಲ್ಲದೆ, ನೀರಿಗೆ ಕಾಲು ಇಳಿಬಿಟ್ಟು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಅಲ್ಲಿ ಆಡಿದ ಮಾತು ನೀರಿನ ಪಾಲು. ಹೊರಗೆ ಬಂದ ಮೇಲೆ ಅದನ್ನು ಯಾರೂ ಎತ್ತುವಂತಿಲ್ಲ.

ಡೈರಿಯಲ್ಲಲ್ಲದೆ ಎಲ್ಲೂ ಮನಸ್ಸು ಬಿಚ್ಚದ ಲೋಹಿತಾ ಹೋದ ಭಾನುವಾರ ಅಲ್ಲಿ ಚೇತನ್‌ಗೆ ಎಲ್ಲವನ್ನೂ ಹೇಳಿದ್ದಳು. ನಡುವೆ ಅತ್ತಿದ್ದಳು, ನಕ್ಕಿದ್ದಳು. ಬೆಟ್ಟ, ಕೋಟೆಗಳ ವಿಡಿಯೋ ಮಾಡಿ ಹಾಕುವ ಬಾಯಿಬಡುಕ ಚೇತನ್ ಅಂದು ಅವಳ ಕೈ ಹಿಡಿದು ಮೌನವಾಗಿ ಕೂತಿದ್ದ. ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ, ಎಂದುಕೊಂಡಿದ್ದಳು.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಎರಡು ಲೋಟ ಕಬ್ಬಿನ ಹಾಲು ಹಿಡಿದು ನಿಂತಿದ್ದ. ಅದೇ ನಗು. ಮೊದಲು ಎಡಹುಬ್ಬು ನಗುವುದು, ಆಮೇಲೆ ತುಟಿ.

"ಏನ್ ಮೇಡಂ, ಮುಖ ಸುಟ್ಟ ಬದನೇಕಾಯಿ ಆಗೈತೆ?"

"ಗವಿಯೊಳಗೆ ಫೋನ್ ತಂದಿದ್ಯಾ?"

ಹುಬ್ಬು ಇಳಿಯಿತು. "ಲೈಟ್ ಹಾಕಿಲ್ಲ ಕಣೇ, ನಿನ್ನಾಣೆ. ಜೇಬಲ್ಲೇ ಇತ್ತು. ಬರೀ ಸೌಂಡು."

"ಚೇತು, ಅದು ನನ್ ಮಾತು."

"ನೀನು ಹಂಗೆ ಮಾತಾಡಿದ್ದು ಅದೇ ಫಸ್ಟ್ ಟೈಮು ಲೋಹಿ. ಮತ್ತೆ ಮತ್ತೆ ಕೇಳ್ಬೇಕು ಅನ್ನಿಸ್ತು."

"ನೀನೊಬ್ಬನೇ ಕೇಳಿದ್ರೆ ನಾನೇನೂ ಅಂತಿರ್ಲಿಲ್ಲ. ಇವತ್ತು ಬಸ್ಸೆಲ್ಲ ಕೇಳ್ತು."

"ಗವಿ ವಿಡಿಯೋದಲ್ಲಿ ನಿನ್ ಮುಖ ಹಾಕಿಲ್ವಲ್ಲ, ನೀನೂಂತ ಯಾರಿಗ್ ಗೊತ್ತಾಗುತ್ತೆ?"

"ನಂಗೆ."

ಚೇತನ್ ಲೋಟಗಳನ್ನು ಕಬ್ಬಿನ ಗಾಡಿಯ ಮೇಲಿಟ್ಟು, ಅವಳೆದುರೇ ವಿಡಿಯೋ ಅಳಿಸಿದ. "ನೋಡು, ತೆಗ್ದೆ. ಸೋಮವಾರ ನಮ್ಮಪ್ಪ ನಿಮ್ಮನೆಗೆ ಹೆಣ್ಣು ಕೇಳಕ್ಕೆ ಬರ್ತಾರೆ. ಕೋಪ ಬುಡೇ. ಅದನ್ನೇ ಈಗ ನಂಗೊಬ್ಬನಿಗೇ ಹೇಳು, ಮೆಲ್ಲಗೆ."

ಅವನು ಕಿವಿ ಹತ್ತಿರ ತಂದ. ಅವನ ಅಂಗಿಯಿಂದ ಇಸ್ತ್ರಿಯ ಬಿಸಿವಾಸನೆ ಬಂತು. ಹೇಳಿಬಿಡಬೇಕೆಂದು ಅವಳಿಗೂ ಆಸೆಯಿತ್ತು. ಬಾಯಿ ತೆರೆದಳು. ಕಣ್ಣು ಅವನ ಮುಖ ಬಿಟ್ಟು ಜೇಬಿಗೆ ಹೋಯಿತು.

ಅದು ಅವನಿಗೂ ಕಂಡಿತು. ಫೋನ್ ತೆಗೆದು, ಆಫ್ ಮಾಡಿ, ಕಬ್ಬಿನ ಗಾಡಿಯ ಮೇಲಿಟ್ಟು, ಬರಿಗೈಯಲ್ಲಿ ಬಂದು ನಿಂತ. "ಈಗ?"

ಅವಳು ಅವನ ಕಿವಿಯತ್ತ ಬಾಗಿದಳು. ಆದರೆ ಬೇರೆ ಯಾರು ಕೇಳುತ್ತಿದ್ದಾರೋ ಎಂದು ಅವಳ ಕಿವಿ ಸುತ್ತ ಹುಡುಕುತ್ತಿತ್ತು.

"ನಿಮ್ಮಪ್ಪನ್ನ ಕಳಿಸ್ಬೇಡ ಚೇತು," ಎಂದಳು ಗಟ್ಟಿಯಾಗಿ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಮಾತನ್ನು ಯಾರು ಬೇಕಾದರೂ ಕೇಳಬಹುದಿತ್ತು.