ಡ್ರಾಯರಿನಲ್ಲಿದ್ದ ಪ್ಲಗ್

ಇದು ನಡೆದದ್ದು ಹಾಡಹಗಲಲ್ಲಿ, ತಂಪಾನೂರಿನ ನಮ್ಮ ಬ್ಯಾಂಕಿನಲ್ಲಿ. ನಂಬುವವರು ನಂಬಿ, ಬಿಡುವವರು ಬಿಡಿ.

ಮೊಬೈಲಿನಿಂದಲೇ ಆನ್-ಆಫ್ ಮಾಡುವ ಈ ಸ್ಮಾರ್ಟ್ ಪ್ಲಗ್ ಆರು ಆಂಪಿಯರಿನದು, ಟೇಬಲ್ ಲ್ಯಾಂಪಿಗಷ್ಟೇ ಸಾಕು, ಎರಡು ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಇದಕ್ಕೆ ಸಿಕ್ಕಿಸಬೇಡಿ ಎಂದು ನನ್ನ ಗಂಡನಿಗೆ ಹೇಳಿ ಹೇಳಿ ಬಾಯಿ ಒಣಗಿತ್ತು. ಆದರೂ ಸಿಕ್ಕಿಸಿದರು. ಪ್ಲಗ್ ಕರಗಿ ಮನೆಯೆಲ್ಲ ಸುಟ್ಟ ವಾಸನೆ. ಸಿಟ್ಟಿನಲ್ಲಿ ನಾನು ಇಸ್ತ್ರಿಪೆಟ್ಟಿಗೆಯ ವಯರನ್ನೇ ಕತ್ತರಿಸಿ ಹಾಕಿದೆ. ಪ್ಲಗ್ ಮತ್ತೆ ಅವರ ಕೈಗೆ ಸಿಗಬಾರದೆಂದು ಬ್ಯಾಂಕಿಗೆ ತಂದು ನನ್ನ ಡ್ರಾಯರಿನಲ್ಲಿಟ್ಟೆ.

ಹನ್ನೊಂದು ಗಂಟೆಗೆ ನನ್ನ ಮೊಬೈಲಿನಲ್ಲಿ ಆ ಪ್ಲಗ್ಗಿನ ಸಂದೇಶ ಬಂತು: ‘ಇಸ್ತ್ರಿ ಆನ್ ಆಗಿದೆ.’

ಪ್ಲಗ್ ನನ್ನ ಡ್ರಾಯರಿನಲ್ಲೇ ಇರುವುದನ್ನೂ ಸಿಟ್ಟಿನಲ್ಲಿ ಮರೆತು ಗಂಡನಿಗೆ ಫೋನ್ ಮಾಡಿ ಕಿರುಚಿದೆ. “ಪುನಃ ಸಿಕ್ಕಿಸಿದಿರಾ? ನಿಮಗೆ ಬುದ್ಧಿ ಬರುವುದು ಯಾವಾಗ?”

“ನಾನು ಆಫೀಸಲ್ಲಿದ್ದೇನೆ ಮಾರಾಯ್ತಿ. ಪ್ಲಗ್ ನಿನ್ನ ಹತ್ತಿರವೇ ಉಂಟಲ್ಲ!”

ಡ್ರಾಯರ್ ಎಳೆದೆ. ಪ್ಲಗ್ ಮುಟ್ಟಿದ ಬೆರಳು ಚುರ್ರೆಂದಿತು. ಮೊಬೈಲಿನಲ್ಲಿ ‘ಆಫ್’ ಒತ್ತಿದೆ. ಕರಗಿಹೋದ ಆ ಪ್ಲಗ್ ಟಿಕ್ ಎಂದಿತು.

ಸಂಜೆ ಮನೆಯಲ್ಲಿ ಕತ್ತರಿಸಿದ ವಯರು ಹಾಗೆಯೇ ಬಿದ್ದಿತ್ತು. ಮಂಚದ ಮೇಲೆ, ಬೆಳಿಗ್ಗೆ ಮುದ್ದೆಯಾಗಿ ಬಿದ್ದಿದ್ದ ಅವರ ಐದು ಶರ್ಟುಗಳು ಒಂದು ಸುಕ್ಕೂ ಇಲ್ಲದೆ ಮಡಚಿ ಕೂತಿದ್ದವು.

“ಹೇಗೂ ಇಸ್ತ್ರಿ ಆಯ್ತಲ್ಲ, ಬಿಡು” ಎಂದ ಆ ಮಹಾನುಭಾವರು ಮರುದಿನ ಬೆಳಿಗ್ಗೆ ಅದರಲ್ಲೇ ಒಂದನ್ನು ತೊಟ್ಟು ಹೊರಟರು. ಬೇಡವೆಂದು ಕಾಲರ್ ಹಿಡಿದೆಳೆದೆ. ಅದು ಇನ್ನೂ ಬಿಸಿಯಾಗಿತ್ತು.