ಪರಾತದಲ್ಲಿ ಸಿಕ್ಕ ಚಿನ್ನ

ಗೂಡು ಬರಿದಾಗಿತ್ತು.

ಪ್ರಯಾಗಬಾಯಿ ಇನ್ನೊಮ್ಮೆ ಕೈಯಾಡಿಸಿದರು. ಏನೂ ಇಲ್ಲ. ಮುಂಜಾನೆ ಶಿವದಾರ ಹರಿದಿತ್ತೆಂದು ಲಿಂಗದ ಕರಡಿಗೆಯನ್ನು ಕೊರಳಿಂದ ತೆಗೆದು ಪಡಸಾಲೆಯ ಗೂಡಿನಲ್ಲಿಟ್ಟು, ಹೊಸ ದಾರ ತರಲು ಒಳಗೆ ಹೋಗಿದ್ದರು. ಅಷ್ಟರಲ್ಲೇ ಮಾಯ. ಕರಡಿಗೆ ಅಪ್ಪಟ ಚಿನ್ನದ್ದು, ಮುಚ್ಚಳಕ್ಕೆ ಕೆತ್ತನೆಯಿದ್ದ ಅತ್ತೆಯ ಕಾಲದ್ದು. ಆದರೆ ಮುದುಕಿ ಅತ್ತದ್ದು ಚಿನ್ನಕ್ಕಲ್ಲ.

"ಲಿಂಗಾ ಇಲ್ದ ನೀರು ಸುದ್ದಾ ಮುಟ್ಟಂಗಿಲ್ಲ" ಎಂದು ಗೋಡೆಗೊರಗಿ ಕೂತುಬಿಟ್ಟರು.

ಮರುದಿನ ಉಮರ್ಗಾ ಪೊಲೀಸ್ ಠಾಣೆಯ ಜಮಾದಾರ ರೇವಣಪ್ಪ ಗುಂಜೋಟಿಯ ಆ ಮನೆಗೆ ಬಂದಾಗ ಮುದುಕಿಯ ತುಟಿ ಒಣಗಿ ಬಿರಿದಿತ್ತು.

"ಆ ಹೊತ್ತಿಗಿ ಮನ್ಯಾಗ ಯಾರ್ಯಾರಿದ್ರು?"

"ಪ್ರಭುಲಿಂಗಯ್ಯ ಒಬ್ಬರ ಇದ್ರು ನೋಡ್ರಿ," ಎಂದ ಮಗ ಕಲ್ಯಾಣಪ್ಪ. "ಪಾದಪೂಜಾಕ್ಕ ಕರಸಿದ್ವಿ. ಅವರದ ಕೆಲಸ ಇದು."

"ಮತ್ಯಾರೂ ಬಂದಿಲ್ಲ?"

"ಹೊರಗಿನವರು ಯಾರೂ ಬಂದಿಲ್ರಿ."

ಪ್ರಭುಲಿಂಗಯ್ಯ ಊರಿನ ಮನೆಗಳಿಗೆಲ್ಲ ಪೂಜೆ ಮಾಡಿಸುವ ಅಯ್ಯನವರು. ಅವರ ಮನೆಯನ್ನು ಬುಡಮೇಲು ಮಾಡಿದರೂ ಸಿಕ್ಕದ್ದು ವಿಭೂತಿ ಗಟ್ಟಿ, ಒಂದಿಷ್ಟು ಜೋಳದ ಹಿಟ್ಟು.

"ಇನ್ನ ನನಗ ಯಾರು ಮನಿಗಿ ಕರೀತಾರ್ರಿ, ಜಮಾದಾರ್ರ?" ಎಂದು ಅಯ್ಯನವರು ಕೇಳಿದರು. ರೇವಣಪ್ಪನಿಗೆ ಸಿಟ್ಟು ಬಂತು, ಅದೂ ತನ್ನ ಮೇಲೆಯೇ.

* * *

ಮರುದಿನ ಗಾಯದ ಮೇಲೆ ಬರೆ. ಠಾಣೆಯ ಮೇಲಧಿಕಾರಿ ಅಮೀನ್ ಸಾಹೇಬರ ಹುಕುಂ ಬಂತು: ಹುಣಸೇಹಳ್ಳದಲ್ಲಿ ಮಂದಿ ಮುಗಿಬಿದ್ದಿದೆ, ಹೋಗಿ ಚದುರಿಸು. ಅಲ್ಲಿ ಮುದುಕಿಯ ಜೀವ ಹೋಗುತ್ತಿದೆ, ಇಲ್ಲಿ ಜಮಾದಾರ ದನ ಕಾಯಬೇಕು!

ಹಳ್ಳ ಹೈದರಾಬಾದ್ ರಸ್ತೆಗೆ ಹತ್ತಿದಂತೆಯೇ ಇತ್ತು. ಅಜ್ಜಂದಿರ ಕಾಲದಲ್ಲಿ ಅಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯಲು ಊರಿಗೆ ಊರೇ ಬೀಡುಬಿಟ್ಟಿತ್ತಂತೆ. ಆ ಕಥೆಯನ್ನೇ ಬಂಡವಾಳ ಮಾಡಿಕೊಂಡು, ಚಹಾದ ಹೋಟೆಲಿನ ನಾಗನಾಥ ಬಸ್ಸಿನ ಪ್ರಯಾಣಿಕರಿಗೆ ಪರಾತವೆಂಬ ಅಗಲ ತಟ್ಟೆಯನ್ನು ಬಾಡಿಗೆಗೆ ಕೊಡುತ್ತಿದ್ದ. ಬಸ್ಸು ಹೊರಡುವತನಕ ಮರಳು ಜಾಲಿಸಿ, ಸಿಕ್ಕಿದ್ದು ನಿಮ್ಮದು. ತಿಂಗಳಿನಿಂದ ಅವರಿಗೆ ಸಿಕ್ಕಿದ್ದು ಒದ್ದೆ ಧೋತರ ಮಾತ್ರ. ನಿನ್ನೆಯಿಂದ ನಿಜವಾಗಿಯೂ ಚಿನ್ನ ಸಿಗತೊಡಗಿತ್ತು.

"ಸಾಪಡ್ಲಂ! ಸಾಪಡ್ಲಂ!" ಸಿಕ್ಕಿತು ಸಿಕ್ಕಿತು ಎಂದು ಮರಾಠಿಯಲ್ಲಿ ಕೂಗುತ್ತ ಲಾತೂರಿನ ವ್ಯಾಪಾರಿಯೊಬ್ಬ ನೀರಲ್ಲೇ ಕುಣಿದ.

ರೇವಣಪ್ಪ ಅವನ ಪರಾತದಲ್ಲಿ ಇಣುಕಿದ. ಅಕ್ಕಿನುಚ್ಚಿನಷ್ಟು ತುಣುಕು. ಒಂದು ಅಂಚು ಕತ್ತರಿಸಿದ ಹಾಗೆ ನೇರ. ಮೇಲೊಂದು ಕೊರೆದ ಗೆರೆ. ಈ ಹಳ್ಳ ಯಾವಾಗಿನಿಂದ ಅಕ್ಕಸಾಲಿಕೆ ಕಲಿಯಿತು?

"ಇದು ಕಳವಿನ ಮಾಲು ಅದ! ಎಲ್ಲಾರೂ ಮ್ಯಾಲ ಬರ್ರಿ!"

ಒಬ್ಬರೂ ಮೇಲೆ ಬರಲಿಲ್ಲ. "ಜಮಾದಾರಗ ತಾನೊಬ್ಬನ ಬಳಕೋಬೇಕಾಗ್ಯಾದ," ಎಂದನೊಬ್ಬ. ಹಳ್ಳವೆಲ್ಲ ನಕ್ಕಿತು. ರೇವಣಪ್ಪ ಹಲ್ಲು ಕಡಿಯುತ್ತ ಹೋಟೆಲಿಗೆ ನಡೆದ.

"ಬರ್ರಿ ಬರ್ರಿ. ಈಗ ಪೂಜಾ ಮುಗಸೀನಿ. ಚಹಾ ತಗೋರಿ," ಎಂದ ನಾಗನಾಥ. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ.

"ಹಾಲು ಎಲ್ಲಿಂದ ತರ್ತಿ?" ಕೆನೆಗಟ್ಟಿದ ಚಹಾ ನೋಡಿ ರೇವಣಪ್ಪ ಕೇಳಿದ.

"ಗುಂಜೋಟಿ ಕಲ್ಯಾಣಪ್ಪನ ಮನೀದ್ರಿ. ದೇವಣಿ ತಳಿ ಆಕಳದ್ದು. ದಿನಾ ಮುಂಜಾನಿ ನಾನ ಹೋಗಿ ತರ್ತೀನಿ."

ರೇವಣಪ್ಪ ಹಣೆ ಚಚ್ಚಿಕೊಂಡ. ದಿನಾ ಬರುವವನು ಹೊರಗಿನವನಲ್ಲ! ಕಲ್ಯಾಣಪ್ಪನಿಗೆ ಅದಕ್ಕೇ ನೆನಪಾಗಿರಲಿಲ್ಲ.

ಒಳಕೋಣೆಗೆ ನುಗ್ಗಿ ತಡಕಿದ. ಸಕ್ಕರೆ ಚೀಲ, ಇದ್ದಿಲು, ಹರಕು ಹಾಸಿಗೆ. ಏನೂ ಇಲ್ಲ. ಹೊರಡಲು ತಿರುಗಿದಾಗ ಹಲಗೆಯ ಮೇಲೆ ಚಹಾಪುಡಿಯ ಡಬ್ಬಿ ಕಂಡಿತು. ಅದರ ಮುಂದೆ ಒಂದು ಚಿಟಿಕೆ ವಿಭೂತಿ, ಇನ್ನೂ ನೀರಾರದ ಬಿಲ್ವಪತ್ರೆ.

"ನಾಗನಾಥ, ನಿನ್ನ ಲಿಂಗಾ ನಿನ್ನ ಕೊಳ್ಳಾಗ ಅದ. ಅಂಗೈಮ್ಯಾಲ ಇಟ್ಟು ಪೂಜಾ ಮಾಡ್ಕೊಂಡಿ. ಮತ್ತ ಈ ಡಬ್ಬಿಗಿ ಯಾಕ ಪತ್ರಿ ಏರಿಸ್ದಿ?"

ನಾಗನಾಥನ ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕೆ ಬಿತ್ತು.

ಚಹಾಪುಡಿಯ ಅಡಿಯಲ್ಲಿ ಚಿನ್ನದ ಗಟ್ಟಿಯೊಂದಿತ್ತು. ಅದರ ಪಕ್ಕದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗ.

"ಚಿನ್ನಾ ಕರಗಿಸ್ದೆರಿ. ಲಿಂಗಾ ಒಗೀಲಿಕ್ಕ ಕೈ ಬರಲಿಲ್ಲ. ಪೂಜಾ ಇಲ್ದ ಹ್ಯಾಂಗ ಇಡ್ಲಿ?"

"ಆ ಆಯಿ ನೀರು ಬಿಟ್ಟು ಕುಂತಾರಂತ ಗೊತ್ತಿತ್ತೋ ಇಲ್ಲೋ?"

ನಾಗನಾಥ ಎರಡೂ ಕೈಯಿಂದ ಲಿಂಗ ಎತ್ತಿ ಜಮಾದಾರನ ಕೈಗಿಟ್ಟ.

* * *

"ಕರಡಿಗಿ ಹಂಗ ಮಾರಿದ್ರ ಚಿನ್ನದ ಅಂಗಡಿ ಸರಾಫ ಹಿಡಿದು ಕೊಡ್ತಿದ್ದ," ಎಂದು ರೇವಣಪ್ಪ ಕಲ್ಯಾಣಪ್ಪನ ಪಡಸಾಲೆಯಲ್ಲಿ ಬಿಡಿಸಿ ಹೇಳಿದ. "ಅದಕ್ಕ ಮುಚ್ಚಳಾ ಚೂರು ಮಾಡಿ ಹಳ್ಳಕ್ಕ ಚೆಲ್ಲಿದ, ಉಳಿದದ್ದು ಕರಗಿಸಿದ. ನಾಕು ಮಂದಿಗಿ ಚಿನ್ನಾ ಸಿಕ್ಕ ಮ್ಯಾಲ, ನನಗೂ ಹಳ್ಳದಾಗ ಗಟ್ಟಿ ಸಿಕ್ತು ಅಂದ್ರ ಯಾರು ಕೇಳ್ತಾರ? ಪರಾತದ ಧಂದಾನೂ ಜೋರ್ ನಡೀತದ. ಖರೆ, ತಿಂಗಳಾತು ಸಿಗದ ಚಿನ್ನಾ ಕಳವಾದ ಮರುದಿನಾನ ಸಿಗಬಾರದಿತ್ತು."

ಪ್ರಭುಲಿಂಗಯ್ಯನವರನ್ನು ಕರೆಸಿದ್ದರು. ಅವರು ಲಿಂಗ ತೊಳೆದು, ಬಟ್ಟೆಯಲ್ಲಿ ಸುತ್ತಿ, ಹೊಸ ಶಿವದಾರಕ್ಕೆ ಕಟ್ಟಿ ಮುದುಕಿಯ ಕೊರಳಿಗೆ ಹಾಕಿದರು. ಸೊಸೆ ನೀರಿನ ತಂಬಿಗೆ ತಂದಳು. ಪ್ರಯಾಗಬಾಯಿ ಅದನ್ನು ಆಚೆ ನೂಕಿದರು.

"ಮೊದಲ ಅಯ್ಯನೋರಿಗಿ ಕೊಡು. ಕಳ್ಳ ಅನಿಸ್ಕೊಂಡವರು ಈ ಮನಿ ನೀರು ಕುಡದ ಮ್ಯಾಲೇ ನಂದು."

ಅಯ್ಯನವರು ಅಲುಗಲಿಲ್ಲ. ಕಳ್ಳನನ್ನು ಹಿಡಿಯಬಹುದು, ಈ ಗಂಟು ಯಾವ ಜಮಾದಾರ ಬಿಡಿಸಬೇಕು?

ಕಲ್ಯಾಣಪ್ಪ ಹೆಂಡತಿಯ ಕೈಯಿಂದ ತಂಬಿಗೆ ತೆಗೆದುಕೊಂಡು ಎರಡೂ ಕೈಯಲ್ಲಿ ಮುಂದೆ ಹಿಡಿದ. "ತಪ್ಪಾತ್ರಿ, ಅಯ್ಯನೋರ."

ಪ್ರಭುಲಿಂಗಯ್ಯ ಮುದುಕಿಯ ಬಿರಿದ ತುಟಿಗಳನ್ನು ನೋಡಿದರು.

"ಈ ತಾಯಿ ಸಲುವಾಗಿ ಕುಡೀತೀನಿ. ನಿನ್ನ ಸಲುವಾಗಿ ಅಲ್ಲ."

ಒಂದು ಗುಟುಕು ಕುಡಿದು ತಂಬಿಗೆ ಕೆಳಗಿಟ್ಟರು. ಆಮೇಲೆ ಪ್ರಯಾಗಬಾಯಿ ಕುಡಿದರು.